ಪ್ಲಸ್ ಚಾರ್ಜಿನ ನ್ಯಾನೊ ಫಿಲ್ಟರ್: ನಮ್ಮ ಕಡೆಯ ನೀರಿಗೆ ಎಲ್ಲಿ ಹೊಂದುತ್ತದೆ, ಹೇಗೆ ಕೂರಿಸಬೇಕು

ಹುಬ್ಬಳ್ಳಿಯ ಯಾವುದಾದರೂ ಅಂಗಡಿಗೆ ಹೋಗಿ ನೀರಿನ ಫಿಲ್ಟರ್ ಬೇಕು ಅನ್ನಿ. ಮೊದಲು ತೋರಿಸುವುದು ಆರ್‌ಒ, ಅಂದ್ರೆ ಕರಗಿದ ಉಪ್ಪನ್ನೂ ತೆಗೆಯುವ ಮೋಟರ್ ಫಿಲ್ಟರ್. ನಿಮ್ಮ ಮನೆಗೆ ಎಲ್ಲಿಯ ನೀರು ಬರುತ್ತದೆ ಅಂತ ಕೇಳುವವರು ಕಡಿಮೆ. ಮಲಪ್ರಭೆಯ ನಳದ ನೀರಿರಲಿ, ಬೋರಿನ ಸವಳು ನೀರಿರಲಿ, ಎರಡಕ್ಕೂ ಅದೇ ಡಬ್ಬಿ. ದಿನಗಟ್ಟಲೆ ಕಾದು ತುಂಬಿಸಿಕೊಂಡ ನಳದ ನೀರನ್ನು ಆರ್‌ಒಗೆ ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಮೋರಿಗೆ ಹೋಗುತ್ತದೆ. ಬಹಳ ಮನೆಗಳಲ್ಲಿ ಅದರ ಅಗತ್ಯವೇ ಇರುವುದಿಲ್ಲ.

ನಳದ ನೀರಿಗೆ ಹೊಂದುವ ಇನ್ನೊಂದು ಬಗೆಯ ಫಿಲ್ಟರ್ ಇದೆ. ಅದರೊಳಗೆ ಪ್ಲಸ್ ಚಾರ್ಜ್ ಇರುವ ಬಹಳ ಸಣ್ಣ ನಾರುಗಳಿರುತ್ತವೆ. ಕರೆಂಟ್ ಬೇಡ, ಮೋಟರ್ ಬೇಡ, ನೀರು ಚೆಲ್ಲುವುದಿಲ್ಲ. ಆದರೆ ಅದು ಎಲ್ಲ ನೀರಿಗೂ ಆಗಿಬರುವುದಿಲ್ಲ. ಎಲ್ಲಿ ಆಗಿಬರುವುದಿಲ್ಲ ಅನ್ನುವುದು ಗೊತ್ತಿಲ್ಲದೆ ಕೊಂಡರೆ ರೊಕ್ಕ ದಂಡ. ಕೆಲವು ಊರುಗಳಲ್ಲಿ ಆರೋಗ್ಯಕ್ಕೂ ಪೆಟ್ಟು.

ಕೆಲಸ ಮಾಡುವ ಬಗೆ

ಸಾಮಾನ್ಯ ಫಿಲ್ಟರ್ ತೂತಿನ ಅಳತೆಯ ಮೇಲೆ ನಡೆಯುತ್ತದೆ. ತೂತಿಗಿಂತ ದೊಡ್ಡದು ನಿಲ್ಲುತ್ತದೆ, ಸಣ್ಣದು ದಾಟಿ ಹೋಗುತ್ತದೆ. ಜಿಯಾರ್ಡಿಯಾ ಅನ್ನುವ ಹೊಟ್ಟೆನೋವಿನ ಜೀವಿಯ ಕೋಶ (ಗಟ್ಟಿ ಹೊದಿಕೆಯ ಸಿಸ್ಟ್) ಸುಮಾರು 10 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಇ. ಕೋಲಿ ಬ್ಯಾಕ್ಟೀರಿಯಾ 1ರಿಂದ 2 ಮೈಕ್ರಾನ್ ಉದ್ದ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಒಂದು ಮೈಕ್ರಾನಿನ ಮೂವತ್ತನೇ ಒಂದು ಪಾಲಿನಷ್ಟು. ಬರೀ ತೂತಿನಿಂದ ಅದನ್ನು ತಡೆಯಬೇಕಾದರೆ ತೂತು ಎಷ್ಟು ಸಣ್ಣದಿರಬೇಕು ಅಂದ್ರೆ, ನೀರನ್ನು ದಾಟಿಸುವುದಕ್ಕೇ ಒತ್ತಡ ಬೇಕಾಗುತ್ತದೆ.

ಚಾರ್ಜ್ ಇರುವ ಫಿಲ್ಟರಿನ ದಾರಿ ಬೇರೆ. ಅದರ ತೂತು ಸರಾಸರಿ 2 ಮೈಕ್ರಾನ್ ಆಸುಪಾಸು, ಅಂದ್ರೆ ವೈರಸ್ಸಿನ ಲೆಕ್ಕದಲ್ಲಿ ಹೆಬ್ಬಾಗಿಲು. ಆದರೆ ಆ ತೂತಿನ ಗೋಡೆಗಳ ತುಂಬ ಅಲ್ಯೂಮಿನಾ ನಾರುಗಳು ಹರಡಿರುತ್ತವೆ. ಒಂದೊಂದರ ದಪ್ಪ ಸುಮಾರು 2 ನ್ಯಾನೊಮೀಟರ್, ಅಂದ್ರೆ ಮೈಕ್ರಾನಿನ ಐನೂರನೇ ಒಂದು ಪಾಲು. ಬೋಮೈಟ್ ಅನ್ನುವ ಅಲ್ಯೂಮಿನಿಯಂ ಖನಿಜದ ನಾರು ಅದು. ಸಣ್ಣ ಗಾಜಿನ ಎಳೆಗಳ ಮೇಲೆ ಅದನ್ನು ಕೂರಿಸಿರುತ್ತಾರೆ. ನೀರಿನಲ್ಲಿ ಈ ನಾರಿಗೆ ತಾನಾಗಿಯೇ ಪ್ಲಸ್ ಚಾರ್ಜ್ ಬರುತ್ತದೆ. ಕುಡಿಯುವ ನೀರಿನಲ್ಲಿ ತೇಲುವ ಮಣ್ಣಿನ ಕಣ, ಬ್ಯಾಕ್ಟೀರಿಯಾ, ವೈರಸ್ ಇವುಗಳ ಮೈಮೇಲೆ ಹೆಚ್ಚಾಗಿ ಮೈನಸ್ ಚಾರ್ಜ್ ಇರುತ್ತದೆ. ಹತ್ತಿರ ಬಂದವು ನಾರಿಗೆ ಅಂಟಿಕೊಳ್ಳುತ್ತವೆ. ಹೊಲದ ಬದುವಿನಲ್ಲಿ ನಡೆದು ಬಂದಾಗ ಸೀರೆ ಅಂಚಿಗೆ ಉತ್ತರಾಣಿ ಕಾಳು ಹತ್ತಿಕೊಳ್ಳುತ್ತದಲ್ಲ, ಹಾಗೆ. ಜಾಗ ದೊಡ್ಡದಿದ್ದರೂ ಸುಮ್ನೆ ದಾಟಿ ಹೋಗಲು ಆಗುವುದಿಲ್ಲ.

ಇದು ನಮ್ಮ ಕಡೆಗೆ ಹೊಸ ಸಂಗತಿಯೂ ಅಲ್ಲ. ಮಳೆಗಾಲದ ಕೆಂಪು ನೀರಿಗೆ ಪಟಿಕ ತಿರುಗಿಸಿ ತಿಳಿ ಮಾಡುವಾಗ ನಡೆಯುವುದೂ ಇದೇ. ಪಟಿಕದ ಅಲ್ಯೂಮಿನಿಯಂ ಪ್ಲಸ್, ಮಣ್ಣಿನ ಕಣ ಮೈನಸ್, ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ನುಗ್ಗೆ ಬೀಜದ ಪುಡಿ ನೀರು ತಿಳಿ ಮಾಡುವುದೂ ಅದರೊಳಗಿನ ಪ್ಲಸ್ ಚಾರ್ಜಿನ ಪ್ರೋಟೀನಿನಿಂದಲೇ. ಇಲ್ಲಿ ಆ ಅಲ್ಯೂಮಿನಿಯಂ ನೀರಿನಲ್ಲಿ ಕರಗದೆ, ನಾರಾಗಿ ಒಂದೇ ಜಾಗದಲ್ಲಿ ನಿಂತಿರುತ್ತದೆ, ಅಷ್ಟೇ ವ್ಯತ್ಯಾಸ.

ಅಮೆರಿಕದ ಫ್ಲೋರಿಡಾದಲ್ಲಿರುವ ಆರ್ಗೊನೈಡ್ ಕಂಪನಿ ನಾಸಾದ ನೆರವು ಪಡೆದು ಇದನ್ನು ನಾನೋಸೆರಾಮ್ ಹೆಸರಿನಲ್ಲಿ ತಂದಿತು. ಇದರ ಹಿಡಿತ ಎಷ್ಟು ಗಟ್ಟಿ ಅನ್ನುವುದಕ್ಕೆ ಒಂದು ಪುರಾವೆ ಹೇಳುತ್ತೇನೆ. ನೀರಿನಲ್ಲಿ ವೈರಸ್ ಇದೆಯೋ ಇಲ್ಲವೋ ಅಂತ ನೋಡಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ 1615 ಅನ್ನುವ ಪರೀಕ್ಷಾ ವಿಧಾನವಿದೆ. ಅದರಲ್ಲಿ ನೂರಾರು ಲೀಟರ್ ನೀರನ್ನು ಇಂಥ ಫಿಲ್ಟರಿನಿಂದ ಹಾಯಿಸಿ ವೈರಸ್ಸನ್ನು ಅದರಲ್ಲಿ ಕೂಡಿಹಾಕುತ್ತಾರೆ. ಆಮೇಲೆ ಅದನ್ನು ಬಿಡಿಸಿಕೊಳ್ಳಲು ಮಾಂಸದ ಸಾರವನ್ನು ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಜಾಸ್ತಿ ಇದ್ದರೆ ಕ್ಷಾರ) 9ಕ್ಕೆ ತಂದು ಫಿಲ್ಟರಿನ ಮೂಲಕ ಬಿಡುತ್ತಾರೆ. ಆಗ ವೈರಸ್ ಕಳಚಿ ಹೊರಗೆ ಬರುತ್ತದೆ.

ಈ ಕೊನೆಯ ಮಾತನ್ನು ನೆನಪಿಡಿ. ಹಿಡಿದದ್ದನ್ನು ಇದು ಬಿಡಲೂಬಲ್ಲದು. ಮುಂದೆ ಟಾಕಿ ತೊಳೆಯುವ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಮೊದಲ ಹೆಜ್ಜೆ: ನಿಮ್ಮ ನೀರು ಯಾವುದು ಅಂತ ತಿಳಿದುಕೊಳ್ಳಿ

ಚಾರ್ಜ್ ಇರುವ ಫಿಲ್ಟರ್ ಹಿಡಿಯುವುದು ನೀರಿನಲ್ಲಿ ತೇಲುವುದನ್ನು. ಕರಗಿದ ಉಪ್ಪಿನಂಥವನ್ನು ಹಿಡಿಯುವುದಿಲ್ಲ. ಉಪ್ಪು, ಗಡಸುತನ, ಫ್ಲೋರೈಡ್, ನೈಟ್ರೇಟ್ ಎಲ್ಲ ಕರಗಿರುವಂಥವು. ಕೊಳ್ಳಬೇಕೋ ಬೇಡವೋ ಅನ್ನುವ ತೀರ್ಮಾನ ಪೂರ್ತಿ ಇದರ ಮೇಲೆ ನಿಂತಿದೆ.

ಹುಬ್ಬಳ್ಳಿ-ಧಾರವಾಡಕ್ಕೆ ಬರುವುದು ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಮಲಪ್ರಭಾ ನೀರು. ಹುಬ್ಬಳ್ಳಿಗೆ ನೀರಸಾಗರದ್ದೂ ಇದೆ. ಗದಗ-ಬೆಟಗೇರಿಗೆ ಹಮ್ಮಿಗಿ ಕಡೆಯಿಂದ ತುಂಗಭದ್ರಾ ನೀರು. ರಾಣೇಬೆನ್ನೂರಿಗೂ ತುಂಗಭದ್ರೆಯೇ. ಇವೆಲ್ಲ ನದಿ ನೀರು. ಇವುಗಳಲ್ಲಿ ಕರಗಿದ ಉಪ್ಪಿನ ಚಿಂತೆ ಕಡಿಮೆ. ಚಿಂತೆ ಇರುವುದು ದಾರಿಯಲ್ಲಿ ಸೇರಿಕೊಳ್ಳುವ ಕ್ರಿಮಿಗಳದ್ದು.

ನೀರು ದಿನಗಟ್ಟಲೆ ಬಿಟ್ಟು ಬಂದರೆ ನೆಲದಡಿಯ ಪೈಪು ಅಷ್ಟು ದಿನವೂ ಖಾಲಿ. ಒಳಗೆ ಒತ್ತಡ ಇಲ್ಲದಾಗ ಬಿರುಕು ಬಿಟ್ಟ ಜಾಯಿಂಟಿನಿಂದ ಸುತ್ತಲಿನ ಗಲೀಜು ಒಳಗೆ ಇಳಿಯುತ್ತದೆ. ಮೋರಿ ಪಕ್ಕದಲ್ಲೇ ಪೈಪು ಹೋಗಿದ್ದರೆ ಹೇಳುವುದೇ ಬೇಡ. ಇದು ಊಹೆಯ ಮಾತಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡ್‌ಗಳಿಗೆ 24 ಗಂಟೆ ನೀರು ಬರಲು ಶುರುವಾದ ಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿ ಬಂದು ಎರಡೂ ಬಗೆಯ ನಳಗಳ ನೀರು ಪರೀಕ್ಷೆ ಮಾಡಿದರು. 2013ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ನಿರಂತರ ನೀರಿನ ನಳಗಳ ಸ್ಯಾಂಪಲ್‌ಗಳಲ್ಲಿ ಇ. ಕೋಲಿ ಸಿಕ್ಕಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಬಿಟ್ಟು ಬಿಟ್ಟು ಬರುವ ನಳಗಳಲ್ಲಿ ನೂರಕ್ಕೆ 30ಕ್ಕೂ ಜಾಸ್ತಿ. ಊರು ಅದೇ, ನೀರೂ ಅದೇ. ಬೇರೆಯಾಗಿದ್ದು ಪೈಪಿನಲ್ಲಿ ಒತ್ತಡ ಇರುವುದು, ಇಲ್ಲದಿರುವುದು. ಇಂಥ ನೀರಿಗೆ ಚಾರ್ಜ್ ಇರುವ ಫಿಲ್ಟರ್ ಚೆನ್ನಾಗಿ ಹೊಂದುತ್ತದೆ.

ಈಗ ಬೋರ್ ನೀರು. ಮುಂಡರಗಿ, ಶಿರಹಟ್ಟಿ ಕಡೆಯ ಹಲವು ಹಳ್ಳಿಗಳ ಬೋರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಕಂಡಿರುತ್ತೀರಿ. ಭಾರತೀಯ ಮಾನಕ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಈ ಫಿಲ್ಟರ್ ನಿಮ್ಮದಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲಿ ಆರ್‌ಒ ಬೇಕು, ಇಲ್ಲವೇ ಊರಿನ ಶುದ್ಧ ನೀರಿನ ಘಟಕದಿಂದ ತರಬೇಕು.

ಇಲ್ಲಿ ಒಂದು ಗೊಂದಲ ಆಗುತ್ತದೆ. ಫ್ಲೋರೈಡ್ ತೆಗೆಯಲು ಬಳಸುವ ಇನ್ನೊಂದು ವಸ್ತುವಿದೆ, ಆಕ್ಟಿವೇಟೆಡ್ ಅಲ್ಯೂಮಿನಾ. ಬಿಳಿ ಕಾಳು ಕಾಳಾಗಿರುತ್ತದೆ, ಕಿಲೋಗಟ್ಟಲೆ ತುಂಬುತ್ತಾರೆ. ನಮ್ಮ ಫಿಲ್ಟರಿನಲ್ಲೂ ಅಲ್ಯೂಮಿನಾ ಇದೆ ಅಂತ ಕೇಳಿದ ಕೂಡಲೇ ‘ಹಂಗಾದ್ರ ಫ್ಲೋರೈಡೂ ಹೋಗತೈತಿ’ ಅನ್ನುವ ಮಾರಾಟಗಾರರಿದ್ದಾರೆ. ಕಾರ್ಟ್ರಿಡ್ಜಿನಲ್ಲಿ (ಫಿಲ್ಟರಿನೊಳಗೆ ಹಾಕಿ ತೆಗೆಯುವ ಭಾಗ) ಆ ನಾರು ಇರುವುದು ಬಹಳ ಕಡಿಮೆ. ಅದನ್ನು ನಂಬಿ ಮಕ್ಕಳಿಗೆ ಬೋರ್ ನೀರು ಕುಡಿಸಬೇಡಿ.

ನಳದ ನೀರನ್ನೂ ಬೋರ್ ನೀರನ್ನೂ ಒಂದೇ ಸಂಪಿಗೆ ಬಿಡುವ ಮನೆಗಳು ಬಹಳ ಇವೆ. ಅಂಥವರು ನಳದ ನೀರನ್ನಲ್ಲ, ಸಂಪಿನ ನೀರನ್ನೇ ಪರೀಕ್ಷೆಗೆ ಕೊಡಬೇಕು. ಅದೂ ಬೇಸಿಗೆಯಲ್ಲಿ, ಬೋರಿನ ಪಾಲು ಜಾಸ್ತಿ ಇರುವಾಗ.

ಪರೀಕ್ಷೆಯಲ್ಲಿ ನೋಡಬೇಕಾದ್ದು ಇಷ್ಟು. ಟಿಡಿಎಸ್ (ಕರಗಿದ ಉಪ್ಪಿನ ಒಟ್ಟು ಲೆಕ್ಕ) 500ರ ಒಳಗಿದೆಯೇ, ಫ್ಲೋರೈಡ್ 1ರ ಒಳಗಿದೆಯೇ, ನೈಟ್ರೇಟ್ 45ರ ಒಳಗಿದೆಯೇ (ಈ ಮೂರೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ), ಪಿಎಚ್ 6.5ರಿಂದ 8.5ರ ನಡುವೆ ಇದೆಯೇ. ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಇದೆಲ್ಲ ನೋಡುತ್ತಾರೆ. ನಾಲ್ಕೂ ಸರಿ ಇದ್ದರೆ ಮುಂದೆ ಓದಿ. ಒಂದು ತಪ್ಪಿದರೂ ಅದಕ್ಕೆ ಬೇಕಾದ ದಾರಿ ಮೊದಲು ಹುಡುಕಿ.

ಅಂಗಡಿಯಲ್ಲಿ ಎರಡು ಆಟ

ಒಂದನೆಯದು ಟಿಡಿಎಸ್ ಮೀಟರ್. ಪೆನ್ನಿನಂಥ ಆ ಮೀಟರ್ ನೀರಿಗೆ ಅದ್ದಿದರೆ ಅಂಕಿ ತೋರಿಸುತ್ತದೆ. ಧಾರವಾಡದ ಒಂದು ಮನೆಯಲ್ಲಿ ಇಂಥ ಫಿಲ್ಟರ್ ಕೂರಿಸಿದ ಪ್ಲಂಬರ್, ಫಿಲ್ಟರಿನ ಮೊದಲು 180, ಆಮೇಲೂ 180 ನೋಡಿ ಮನೆಯವರಿಗೆ ಹೇಳಿದ್ದು ಹೀಗೆ: “ಅಕ್ಕಾರ, ಒಂದ್ ಪಾಯಿಂಟೂ ಇಳದಿಲ್ಲರಿ. ಇದು ಸುಮ್ನ ಡಬ್ಬಿ ಐತಿ, ವಾಪಸ್ ಕೊಟ್ಟಬಿಡ್ರಿ.” ಅವನ ತಪ್ಪಲ್ಲ, ಅವನು ಕಲಿತಿದ್ದು ಆರ್‌ಒ. ಟಿಡಿಎಸ್ ಮೀಟರ್ ಅಳೆಯುವುದು ಕರಗಿದ ಉಪ್ಪನ್ನು. ಆ ನೀರಿನಲ್ಲಿ ಲಕ್ಷ ಬ್ಯಾಕ್ಟೀರಿಯಾ ಇದ್ದರೂ ಅಂಕಿ ಅದೇ, ಒಂದೂ ಇಲ್ಲದಿದ್ದರೂ ಅದೇ. ಈ ಫಿಲ್ಟರಿನಲ್ಲಿ ಟಿಡಿಎಸ್ ಇಳಿಯಬಾರದು, ಇಳಿಯುವುದೂ ಇಲ್ಲ.

ಎರಡನೆಯದು ಇನ್ನೂ ಮಜಾ. ಎರಡು ಗ್ಲಾಸು ಇಡುತ್ತಾರೆ. ಒಂದರಲ್ಲಿ ನಿಮ್ಮ ನಳದ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಕರೆಂಟ್ ಕೊಡುತ್ತಾರೆ. ನಿಮಿಷದಲ್ಲಿ ನಳದ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೊಳಕು ನೊರೆ ಬರುತ್ತದೆ. ‘ನೋಡ್ರಿ, ಇದನ್ನ ಕುಡಿಯಾಕತ್ತೀರಿ’ ಅನ್ನುತ್ತಾರೆ. ಆ ಕಂದು ನೀರಿನದಲ್ಲ, ಕಬ್ಬಿಣದ ಕಡ್ಡಿಯದು. ನೀರಿನಲ್ಲಿ ಸ್ವಲ್ಪ ಉಪ್ಪಿದ್ದರೆ ಕರೆಂಟ್ ಹರಿಯುತ್ತದೆ, ಕಡ್ಡಿಯ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಉಪ್ಪಿಲ್ಲ, ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಅದು ತಿಳಿಯಾಗೇ ಉಳಿಯುತ್ತದೆ. ಮಾರುವವರ ಮುಂದೆಯೇ ಆ ಆರ್‌ಒ ಗ್ಲಾಸಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿಸಿ. ಅದೂ ಕಂದಾಗುತ್ತದೆ.

ಚಾರ್ಜ್ ಇರುವ ಫಿಲ್ಟರ್ ಮಾರುವವರೂ ಸಾಚಾ ಅಂತಲ್ಲ. ಅವರು ಬಣ್ಣದ ನೀರು ಹಾಯಿಸಿ ತಿಳಿ ಮಾಡಿ ತೋರಿಸುತ್ತಾರೆ. ಮೈನಸ್ ಚಾರ್ಜಿನ ಬಣ್ಣವನ್ನು ಫಿಲ್ಟರ್ ಹಿಡಿಯುವುದು ನಿಜವೇ. ಆದರೆ ಅದರಿಂದ ಎಷ್ಟು ಲೀಟರ್‌ವರೆಗೆ ವೈರಸ್ ನಿಲ್ಲುತ್ತದೆ ಅನ್ನುವುದು ಗೊತ್ತಾಗುವುದಿಲ್ಲ.

ಅವರ ಹತ್ತಿರ ಕೇಳಬೇಕಾದ್ದು ಪರೀಕ್ಷಾ ವರದಿ. ಅದರಲ್ಲಿ ಬ್ಯಾಕ್ಟೀರಿಯಾ, ವೈರಸ್, ಕೋಶ ಮೂರಕ್ಕೂ ಬೇರೆ ಬೇರೆ ಅಂಕಿ ಇರಬೇಕು. ಅಮೆರಿಕದ 1987ರ ಮಾರ್ಗಸೂಚಿಯಂತೆ ಬ್ಯಾಕ್ಟೀರಿಯಾ 99.9999, ವೈರಸ್ 99.99, ಕೋಶ 99.9 ಶೇಕಡಾ ಕಡಿಮೆಯಾಗಬೇಕು. ಈಗಲೂ ಒಳ್ಳೆಯ ಕಂಪನಿಗಳು ಹಿಡಿದುಕೊಳ್ಳುವ ಅಳತೆ ಅದೇ. ಆ ವೈರಸ್ ಅಂಕಿ ಬಂದಿದ್ದು ಹೊಸ ಕಾರ್ಟ್ರಿಡ್ಜಿನಲ್ಲೋ, ಹೇಳಿದ ಲೀಟರ್ ಪೂರ್ತಿ ಹಾದ ಮೇಲೋ ಅಂತಲೂ ಕೇಳಿ. ಹೊಸತರಲ್ಲಿ ಎಲ್ಲವೂ ಚೆಂದವೇ. ‘ಸಬ್‌ಮೈಕ್ರಾನ್’, ‘ನ್ಯಾನೊ ಟೆಕ್ನಾಲಜಿ’ ಅಂತ ಬರೀ ಡಬ್ಬಿ ಮೇಲೆ ಬರೆದು ವರದಿ ಕೊಡದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಕೂರಿಸುವುದು

ಬೇಕಾದ ಸಾಮಾನು ಹೆಚ್ಚೇನಿಲ್ಲ. 10 ಇಂಚಿನ ಎರಡು ಹೌಸಿಂಗ್ (ಕಾರ್ಟ್ರಿಡ್ಜ್ ಕೂರುವ ಡಬ್ಬಿ), ಒಂದು 5 ಮೈಕ್ರಾನ್ ಸ್ಪನ್ ಕಾರ್ಟ್ರಿಡ್ಜ್ (ಮಣ್ಣು ಹಿಡಿಯುವ ಅಗ್ಗದ ಫಿಲ್ಟರ್), ಒಂದು ಚಾರ್ಜ್ ಇರುವ ಕಾರ್ಟ್ರಿಡ್ಜ್, ಬಾಲ್ ವಾಲ್ವ್, ಟೆಫ್ಲಾನ್ ಟೇಪ್, ಹೌಸಿಂಗ್ ಬಿಚ್ಚುವ ಪ್ಲಾಸ್ಟಿಕ್ ಸ್ಪ್ಯಾನರ್. ಹೌಸಿಂಗ್ ಪಾರದರ್ಶಕ ಇದ್ದರೆ ಮೊದಲನೆಯದಕ್ಕೆ ಒಳ್ಳೆಯದು, ಸ್ಪನ್ ಎಷ್ಟು ಕೆಂಪಾಗಿದೆ ಅಂತ ಕಾಣುತ್ತದೆ. ಆದರೆ ಬಿಸಿಲು ಬೀಳುವಲ್ಲಿ ಪಾರದರ್ಶಕ ಬೇಡ, ಒಳಗೆ ಪಾಚಿ ಕಟ್ಟುತ್ತದೆ.

1. ಜಾಗ. ನಳದ ಲೈನಿಗೆ ನೇರವಾಗಿ ಹಾಕಬೇಡಿ. ನೀರು ಬಂದ ಮೊದಲ ಹೊಡೆತದಲ್ಲಿ ಗಾಳಿ, ಕೆಸರು, ತುಕ್ಕು ಎಲ್ಲ ಒಟ್ಟಿಗೆ ಬರುತ್ತದೆ. ಆ ಮೊದಲ ಐದ್ಹತ್ತು ನಿಮಿಷದ ನೀರನ್ನು ಸಂಪಿಗೂ ಬಿಡದೆ ಬಕೆಟ್ಟಿಗೆ ಹಿಡಿದು ಗಿಡಕ್ಕೋ ಅಂಗಳಕ್ಕೋ ಹಾಕುವುದು ಲೇಸು. ಫಿಲ್ಟರ್ ಇರಬೇಕಾದ್ದು ಮೇಲಿನ ಸಿಂಟೆಕ್ಸಿನಿಂದ ಅಡುಗೆಮನೆಗೆ ಇಳಿಯುವ ಲೈನಿನಲ್ಲಿ, ಕುಡಿಯುವ ನೀರಿನ ಒಂದೇ ನಳಕ್ಕೆ. ಇಡೀ ಮನೆಗೆ ಬೇಡ. ಪಾತ್ರೆ ತೊಳೆಯುವ ನೀರಿಗೆ ಯಾಕೆ ಈ ಖರ್ಚು?

2. ಎತ್ತರದ ಲೆಕ್ಕ. ಒಂದು ಮೀಟರ್ ಎತ್ತರಕ್ಕೆ ಸುಮಾರು 0.1 ಬಾರ್ ಒತ್ತಡ ಸಿಗುತ್ತದೆ. ಒಂದಂತಸ್ತಿನ ಮನೆಯ ಮಾಳಿಗೆ ಮೇಲೆ ಟಾಕಿ ಇದ್ದರೆ ಅಡುಗೆಮನೆಯಲ್ಲಿ 0.3 ಬಾರ್ ಆಸುಪಾಸು. ಮೋಟರ್ ಇಲ್ಲದ ಆರ್‌ಒ ಇದರಲ್ಲಿ ಅಲ್ಲಾಡುವುದೂ ಇಲ್ಲ. ಚಾರ್ಜ್ ಇರುವ ಫಿಲ್ಟರಿನಲ್ಲಿ ನೀರು ಬರುತ್ತದೆ, ಆದರೆ ನಿಧಾನ. ನಿಧಾನವೇ ಒಳ್ಳೆಯದು, ಕಣ ನಾರಿನ ಹತ್ತಿರ ಹೋಗಲು ಸಮಯ ಸಿಗುತ್ತದೆ. ನಿಮಿಷಕ್ಕೆ ಒಂದೆರಡು ಲೀಟರ್ ಬಂದರೆ ಅಡುಗೆಮನೆಗೆ ಸಾಕು.

3. ಸಾಲು. ಟಾಕಿ, ವಾಲ್ವ್, 5 ಮೈಕ್ರಾನ್ ಸ್ಪನ್, ಚಾರ್ಜ್ ಇರುವ ಕಾರ್ಟ್ರಿಡ್ಜ್, ನಳ. ಸ್ಪನ್ ಬಿಡಲೇಬೇಡಿ. ಅದು ಅಗ್ಗ, ಇನ್ನೊಂದು ಹಲವು ಪಟ್ಟು ದುಬಾರಿ. ಮಣ್ಣನ್ನು ಅಗ್ಗದ್ದು ತಿನ್ನಲಿ. ಕ್ಲೋರಿನ್ ವಾಸನೆಗೆ ಕಾರ್ಬನ್ ಫಿಲ್ಟರೂ ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ. ನನ್ನ ಕೇಳಿದರೆ ಬೇಡ. ನಳದ ನೀರಿನಲ್ಲಿ ಉಳಿದ ಆ ಚೂರು ಕ್ಲೋರಿನ್ ಕಾರ್ಟ್ರಿಡ್ಜಿನೊಳಗೆ ಕ್ರಿಮಿ ಬೆಳೆಯದಂತೆ ಕಾಯುತ್ತದೆ. ಹಾಕಲೇಬೇಕು ಅಂದ್ರೆ ಚಾರ್ಜ್ ಇರುವುದರ ಮೊದಲೇ ಹಾಕಿ. ಕಾರ್ಬನ್ನಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಕೊನೆಯ ಫಿಲ್ಟರಿನಲ್ಲಾದರೂ ಸಿಕ್ಕಿಬೀಳಲಿ.

4. ಪೈಪ್ ತೊಳೆಯುವುದು. ಕಾರ್ಟ್ರಿಡ್ಜ್ ಹಾಕದೆ ಖಾಲಿ ಹೌಸಿಂಗ್ ಜೋಡಿಸಿ ನೀರು ಬಿಡಿ. ಪೈಪ್ ಕತ್ತರಿಸಿದ ಪುಡಿ, ಸಲ್ಯೂಷನ್ (ಪೈಪ್ ಅಂಟು) ವಾಸನೆ ಪೂರ್ತಿ ಹೋಗಬೇಕು. ಸಲ್ಯೂಷನ್ ಒಣಗಲು ಡಬ್ಬಿ ಮೇಲೆ ಹೇಳಿದಷ್ಟು ಹೊತ್ತು ಕೊಡಿ. ಪ್ಲಂಬರ್ ಅವಸರ ಮಾಡುತ್ತಾನೆ, ನೀವು ಮಾಡಬೇಡಿ.

5. ಕಾರ್ಟ್ರಿಡ್ಜ್ ಕೂರಿಸುವುದು. ಹೌಸಿಂಗ್ ತಲೆಯ ಮೇಲೆ ನೀರು ಹೋಗುವ ದಿಕ್ಕಿಗೆ ಬಾಣ ಇರುತ್ತದೆ, ಉಲ್ಟಾ ಆಗಬಾರದು. ಕೈ ತೊಳೆದು, ಸಾಬೂನು ಪೂರ್ತಿ ಹೋಗುವಂತೆ ಮತ್ತೆ ತೊಳೆದು, ಕಾರ್ಟ್ರಿಡ್ಜನ್ನು ಎರಡು ತುದಿಯ ಬಿಲ್ಲೆ ಹಿಡಿದು ಎತ್ತಿ. ನಡುವಿನ ಮಡಿಕೆ ಮುಟ್ಟಬೇಡಿ. ಎರಡೂ ತುದಿಯ ರಬ್ಬರ್ ವಾಷರ್ ಹೌಸಿಂಗಿನ ಉಬ್ಬಿಗೆ ಸರಿಯಾಗಿ ಕೂತಿದೆಯೇ ನೋಡಿ. ಇಡೀ ಕೆಲಸದಲ್ಲಿ ಅತಿ ಮುಖ್ಯ ಇದೇ. ಇಲ್ಲಿ ಒಂದು ಕೂದಲೆಳೆ ಸಂದು ಇದ್ದರೂ ನೀರು ಫಿಲ್ಟರ್ ಬಿಟ್ಟು ಪಕ್ಕದಿಂದ ದಾಟುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಒಂದು ಹನಿಯೂ ಸೋರುವುದಿಲ್ಲ. ನೀವು ಶುದ್ಧ ನೀರು ಅಂತ ಕುಡಿಯುತ್ತಿರುತ್ತೀರಿ.

6. ಮುಚ್ಚುವುದು. ಹೌಸಿಂಗಿನ ಕೆಳಗಿನ ಬೌಲಿನ ಓ-ರಿಂಗ್ (ರಬ್ಬರ್ ಬಳೆ) ತೊಳೆದು ಅದರ ತೋಡಿನಲ್ಲಿ ಕೂರಿಸಿ. ಪ್ಲಂಬರ್ ಗ್ರೀಸ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಲು ಬಂದರೆ ತಡೆಯಿರಿ. ಕುಡಿಯುವ ನೀರಿಗೆ ನಡೆಯುವ ಸಿಲಿಕಾನ್ ಗ್ರೀಸ್ ಇದ್ದರೆ ಚೂರು ಸಾಕು, ಇಲ್ಲದಿದ್ದರೆ ನೀರೇ ಸಾಕು. ಕೈಯಲ್ಲೇ ಬಿಗಿ ಮಾಡಿ, ಕೊನೆಗೆ ಸ್ಪ್ಯಾನರಿನಲ್ಲಿ ಸ್ವಲ್ಪ. ವಾಲ್ವ್ ಮೆಲ್ಲಗೆ ತೆಗೆದು, ತಲೆಯ ಮೇಲಿನ ಕೆಂಪು ಗುಂಡಿ ಒತ್ತಿ ಗಾಳಿ ಬಿಡಿ. ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು ನೀರನ್ನು ಮೊದಲು ಚೆಲ್ಲಿ.

ಈಗ ಒಂದು ಲೀಟರಿನ ತಂಬಿಗೆ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಮೊಬೈಲಿನಲ್ಲಿ ನೋಡಿ, ತಾರೀಖಿನ ಜೊತೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಟಾಕಿ ತುಂಬಿದ್ದಾಗಲೇ ಅಳೆಯಿರಿ, ಮುಂದೆಯೂ ಹಾಗೆಯೇ ಅಳೆಯಿರಿ. ಅಂಗಡಿಯ ಪ್ರೆಶರ್ ಗೇಜ್ 7 ಬಾರ್‌ವರೆಗೆ ತೋರಿಸುವಂಥದ್ದು, ನಿಮ್ಮ 0.3 ಬಾರ್‌ಗೆ ಅದರ ಮುಳ್ಳು ಏಳುವುದೂ ಕಷ್ಟ. ತಂಬಿಗೆಯೇ ವಾಸಿ.

ಕೆಲಸ ಮಾಡುತ್ತಿದೆಯೇ ಅಂತ ನೋಡುವುದು

ಎಚ್2ಎಸ್ ಬಾಟಲಿ ಅಂತ ಸಿಗುತ್ತದೆ. ಹಳ್ಳಿಗಳಲ್ಲಿ ನೀರು ಪರೀಕ್ಷೆಯ ಕಿಟ್‌ನಲ್ಲಿ ಇಟ್ಟಿರುತ್ತಾರೆ, ಅಗ್ಗವೂ ಹೌದು. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕಪ್ಪಾದರೆ ಆ ನೀರಿಗೆ ಹೊಲಸಿನ ಬ್ಯಾಕ್ಟೀರಿಯಾ ಸೇರಿದೆ ಅಂತ ಅರ್ಥ. ಎರಡು ಬಾಟಲಿ ಕೊಳ್ಳಿ. ಒಂದಕ್ಕೆ ಟಾಕಿ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು. ಟಾಕಿಯದು ಕಪ್ಪಾಗಿ ಫಿಲ್ಟರಿನದು ಹಾಗೇ ಇದ್ದರೆ ಸರಿ. ಎರಡೂ ಕಪ್ಪಾದರೆ ಮೊದಲು ವಾಷರ್ ನೋಡಿ. ಎರಡೂ ಆಗದಿದ್ದರೆ ಅವತ್ತು ಟಾಕಿ ನೀರೇ ಚೆನ್ನಾಗಿತ್ತು. ಮಳೆಗಾಲದಲ್ಲಿ ಮತ್ತೊಮ್ಮೆ ಮಾಡಿ. ಬೋರ್ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಈ ಬಾಟಲಿ ಸುಮ್ಮಸುಮ್ಮನೆ ಕಪ್ಪಾಗಬಹುದು. ಇದು ವೈರಸ್ ಬಗ್ಗೆ ಏನೂ ಹೇಳುವುದಿಲ್ಲ ಅನ್ನುವುದೂ ಗೊತ್ತಿರಲಿ. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಪಾಯಿಖಾನೆಗೆ ಸುರಿಯಿರಿ, ಮಕ್ಕಳ ಕೈಗೆ ಸಿಗಬಾರದು.

ಯಾವಾಗ ಬದಲಿಸಬೇಕು

ತಂಬಿಗೆ ತುಂಬಲು ಮೊದಲಿನ ಎರಡರಷ್ಟು ಹೊತ್ತು ಹಿಡಿದರೆ ಸ್ಪನ್ ಬದಲಿಸಿ. ಆಮೇಲೂ ವೇಗ ಬರದಿದ್ದರೆ ಚಾರ್ಜ್ ಇರುವುದು ಕಟ್ಟಿಕೊಂಡಿದೆ, ಅದನ್ನೂ ಬದಲಿಸಿ. ಇದು ಸುಲಭದ ಸಂಗತಿ. ಕಷ್ಟದ್ದು ಬೇರೆ ಇದೆ.

ನಾರಿನ ಮೇಲೆ ಅಂಟಿಕೊಳ್ಳುವ ಜಾಗ ಅಷ್ಟೇ ಇರುವುದು. ಅದು ತುಂಬಿದ ಮೇಲೆ ಮಣ್ಣು, ಕೋಶ ತೂತಿನ ಲೆಕ್ಕದಲ್ಲಿ ನಿಲ್ಲುತ್ತಲೇ ಇರುತ್ತವೆ, ನೀರೂ ತಿಳಿಯಾಗಿ ಸರಾಗ ಬರುತ್ತಿರುತ್ತದೆ. ಆದರೆ ವೈರಸ್ ದಾಟತೊಡಗುತ್ತದೆ. ಅದನ್ನು ತೋರಿಸುವ ದೀಪ, ರುಚಿ, ಬಣ್ಣ ಯಾವುದೂ ಇಲ್ಲ. ಹಾಗಾಗಿ ವೇಗ ಚೆನ್ನಾಗಿದೆ ಅಂತ ಮುಂದೆ ತಳ್ಳಬೇಡಿ, ಲೀಟರ್ ಲೆಕ್ಕ ಇಡಿ. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದುಕೊಳ್ಳಿ. ತಿಂಗಳಿಗೆ 750, ವರ್ಷಕ್ಕೆ 9,000. ಪ್ಯಾಕೆಟ್ ಮೇಲಿನ ವೈರಸ್ ಅಂಕಿಗೆ ಕೊಟ್ಟ ಲೀಟರನ್ನು 750ರಿಂದ ಭಾಗಿಸಿದರೆ ಎಷ್ಟು ತಿಂಗಳು ಅಂತ ಸಿಗುತ್ತದೆ. ಮಳೆಗಾಲದಲ್ಲಿ ಎಲೆ ಕೊಳೆತ ಚಹಾ ಬಣ್ಣದ ನೀರು ಬರುವ ಊರಾದರೆ ಇನ್ನೂ ಬೇಗ ಬದಲಿಸಿ. ಆ ಬಣ್ಣವೂ ಮೈನಸ್, ವೈರಸ್ಸಿಗೆ ಇದ್ದ ಜಾಗವನ್ನು ಅದೇ ತುಂಬಿಬಿಡುತ್ತದೆ. ವರದಾ, ತುಂಗಭದ್ರಾ ದಂಡೆಯ ಹಳ್ಳಿಗಳಲ್ಲಿ ಜುಲೈ-ಆಗಸ್ಟಿನ ಕೆಂಪು ನೀರನ್ನು ಒಂದು ರಾತ್ರಿ ತಳಕ್ಕೆ ಇಳಿಬಿಟ್ಟು, ಮೇಲಿನ ತಿಳಿಯನ್ನಷ್ಟೇ ಫಿಲ್ಟರಿಗೆ ಹೋಗುವ ಟಾಕಿಗೆ ಏರಿಸಿ.

ತೊಳೆದು ಮತ್ತೆ ಬಳಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಸ್ಪನ್ ಆದರೆ ಒಂದು ಸಲ ತಿಕ್ಕಿ ತೊಳೆಯಬಹುದು, ಚಾರ್ಜ್ ಇರುವುದನ್ನು ಆಗುವುದಿಲ್ಲ. ಬ್ರಷ್ ಹಾಕಿದರೆ ಮಡಿಕೆ ಹರಿಯುತ್ತದೆ. ಸಾಬೂನಿನದು ಮೈನಸ್ ಚಾರ್ಜ್, ನಾರಿಗೆ ತಾನೇ ಅಂಟಿಕೊಂಡು ಇದ್ದ ಜಾಗವನ್ನೂ ತಿನ್ನುತ್ತದೆ. ಉಲ್ಟಾ ನೀರು ಬಿಟ್ಟರೆ ಅಂಟಿದ್ದು ಬಿಡುವುದಿಲ್ಲ.

ಟಾಕಿ ತೊಳೆಯುವ ದಿನ

ನಮ್ಮ ಕಡೆ ಸಿಮೆಂಟ್ ಟಾಕಿ, ಸಂಪು ತೊಳೆದು ಸುಣ್ಣ ಬಳಿಯುವ ರೂಢಿ ಇನ್ನೂ ಇದೆ. ಸುಣ್ಣದ ನೀರಿನ ಪಿಎಚ್ 12ರ ಹತ್ತಿರ. ಪ್ರಯೋಗಾಲಯದಲ್ಲಿ ಪಿಎಚ್ 9ರ ಸಾರು ಬಿಟ್ಟು ವೈರಸ್ ಕಳಚುತ್ತಾರೆ ಅಂದೆನಲ್ಲ, ಅದೇ ಕೆಲಸ ನಿಮ್ಮ ಅಡುಗೆಮನೆಯಲ್ಲಿ ನಡೆಯಬಹುದು. ತಿಂಗಳುಗಟ್ಟಲೆ ಕೂಡಿಟ್ಟದ್ದು ಒಮ್ಮೆಲೇ ತಂಬಿಗೆಗೆ. ಹೊಸದಾಗಿ ಕಟ್ಟಿದ ಸಿಮೆಂಟ್ ಟಾಕಿಯೂ ಕೆಲವು ವಾರ ಸುಣ್ಣ ಬಿಡುತ್ತದೆ. ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿದಾಗಲೂ ಪಿಎಚ್ ಏರುತ್ತದೆ.

ಅದಕ್ಕೆ ಟಾಕಿ ತೊಳೆಯುವ ಮೊದಲೇ ಫಿಲ್ಟರಿನ ವಾಲ್ವ್ ಬಂದ್ ಮಾಡಿ. ತೊಳೆದ ಮೇಲೆ ಎರಡು ಸಲ ಟಾಕಿ ತುಂಬಿ ಖಾಲಿ ಮಾಡಿ. ಪಿಎಚ್ ಕಾಗದದ ಪಟ್ಟಿ ಅದ್ದಿ ನೋಡಿ, 8.5ರ ಒಳಗೆ ಬಂದ ಮೇಲೆ ವಾಲ್ವ್ ತೆಗೆಯಿರಿ. ಅಲ್ಲಿಯವರೆಗೆ ಕುಡಿಯಲು ಕುದಿಸಿದ ನೀರು. ಮರೆತು ಸುಣ್ಣದ ನೀರು ಹಾದೇ ಹೋಯಿತು ಅಂದ್ರೆ ಆ ಕಾರ್ಟ್ರಿಡ್ಜ್ ಎಸೆಯಿರಿ, ಎಷ್ಟೇ ಹೊಸದಿರಲಿ.

ಊರಿಗೆ ಹೋಗಿ ಬಂದಾಗ

ವಾರಗಟ್ಟಲೆ ಮನೆ ಬಾಗಿಲು ಹಾಕಿದ್ದರೆ ಹೌಸಿಂಗಿನಲ್ಲಿ ನಿಂತ ನೀರಿನ ಕ್ಲೋರಿನ್ ಮುಗಿದಿರುತ್ತದೆ, ಹಿಡಿದಿಟ್ಟ ಬ್ಯಾಕ್ಟೀರಿಯಾ ಅಲ್ಲೇ ಬೆಳೆಯಬಹುದು. ದಿನವೂ ಬೆಳಿಗ್ಗೆ ಮೊದಲ ಒಂದು ತಂಬಿಗೆ ಚೆಲ್ಲುವುದು ರೂಢಿ ಮಾಡಿಕೊಳ್ಳಿ. ಎರಡು ಮೂರು ದಿನ ಬಿಟ್ಟು ಬಂದರೆ ಒಂದು ಬಕೆಟ್. ಬೇಸಿಗೆ ರಜೆಗೆ ತಿಂಗಳು ಹೋಗಿ ಬಂದರೆ ಹೊಸ ಕಾರ್ಟ್ರಿಡ್ಜೇ. ಹೋಗುವ ಮೊದಲು ಬದಲಿಸುವ ಸಮಯ ಹತ್ತಿರ ಇದ್ದರೆ, ಬಂದ ಮೇಲೆ ಹಾಕುವುದು ಲಾಭ.

ಹಳೆಯ ಕಾರ್ಟ್ರಿಡ್ಜ್ ತೆಗೆಯುವಾಗ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ತೆಗೆದದ್ದನ್ನು ಅದೇ ಚೀಲದಲ್ಲಿ ತಿರುವಿ ಗಂಟು ಕಟ್ಟಿ ಒಣ ಕಸಕ್ಕೆ ಕೊಡಿ. ಬೌಲಿನ ಒಳಗೆ ಸಾಬೂನು ಹಾಕಿ ತೊಳೆಯಬಹುದು, ಆದರೆ ಜಾರು ಹೋಗುವವರೆಗೆ ಮೂರ್ನಾಲ್ಕು ಸಲ ನೀರು ಹಾಕಿ ತೊಳೆದ ಮೇಲೆಯೇ ಹೊಸದನ್ನು ಇಡಬೇಕು. ಓ-ರಿಂಗ್ ಚಪ್ಪಟೆಯಾಗಿದ್ದರೆ ಅದನ್ನೂ ಬದಲಿಸಿ. ಹಳೆಯದನ್ನು ಅಂಗಡಿಗೆ ಒಯ್ದು ಅಳತೆ ಹೊಂದಿಸಿ ತನ್ನಿ. ಎಲ್ಲ 10 ಇಂಚಿನ ಹೌಸಿಂಗಿಗೂ ಒಂದೇ ಓ-ರಿಂಗ್ ಬರುವುದಿಲ್ಲ.